ಎಂ.ಎ. ಪತ್ರಿಕೋದ್ಯಮನಾ, ಸೀದಾ ಫೀಲ್ಡಿಗಾ? ಕಲಬುರಗಿ ಕಡೆಯವರು ಹೇಳಿ

ಜೇವರ್ಗಿ ಹುಡುಗ
ಎಲ್ಲರಿಗೂ ನಮಸ್ಕಾರ. ಬಿ.ಎ. ಮುಗಿಯಿತು. ಕನ್ನಡ, ರಾಜ್ಯಶಾಸ್ತ್ರ, ಪತ್ರಿಕೋದ್ಯಮ ಓದಿದ್ದೇನೆ. ಊರು ಜೇವರ್ಗಿ ತಾಲೂಕು, ಹೊಲದಲ್ಲಿ ತೊಗರಿ, ಹತ್ತಿ. ಪಿಯುಸಿಯಿಂದಲೂ ವರದಿಗಾರ ಆಗಬೇಕು ಅಂತ ತಲೆಯಲ್ಲಿ ಕೂತಿದೆ. ಅಪ್ಪ ಬೇಡ ಅನ್ನುತ್ತಾರೆ. ಬಿ.ಎಡ್. ಮಾಡು, ಇಲ್ಲಾಂದ್ರೆ ಪಿಡಿಒ ಪರೀಕ್ಷೆಗೆ ಓದು, ನಮ್ಮ ಭಾಗದವರಿಗೆ 371ಜೆ ಮೀಸಲಾತಿ ಇದೆಯಲ್ಲ, ಪೇಪರಿನವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಂತ ದಿನಾ ಅದೇ ಮಾತು.

ನನ್ನ ಪ್ರಶ್ನೆ: ಎಂ.ಎ. ಮಾಡಬೇಕಾ? ಮಾಡಿದರೆ ಗುಲ್ಬರ್ಗಾ ವಿವಿನಾ, ಕಡಗಂಚಿ ಕೇಂದ್ರೀಯ ವಿವಿನಾ? ಅಥವಾ ಸೀದಾ ಕೆಲಸಕ್ಕೆ ಸೇರಿ ಕಲಿಯುವುದು ಒಳ್ಳೆಯದಾ?

ಇನ್ನೊಂದು ವಿಷಯ. ಒಂದು ಯೂಟ್ಯೂಬ್ ಚಾನೆಲ್‌ನವರು ಫೋನ್ ಮಾಡಿದ್ದರು. ತಾಲೂಕು ವರದಿಗಾರ ಅಂತ ಮಾಡುತ್ತಾರಂತೆ. ಐಡಿ ಕಾರ್ಡು, ಲೋಗೊ ಇರುವ ಮೈಕು, ಗಾಡಿಗೆ ಪ್ರೆಸ್ ಸ್ಟಿಕ್ಕರ್ ಎಲ್ಲ ಸೇರಿ 8 ಸಾವಿರ ಕಟ್ಟಬೇಕು. ಸಂಬಳ ಇಲ್ಲ, ಜಾಹೀರಾತು ತಂದರೆ ಕಮಿಷನ್. ಕೇಂದ್ರ ಸರ್ಕಾರದ ಮಾನ್ಯತೆ ಇದೆ ಅಂತ ಒಂದು ಸರ್ಟಿಫಿಕೇಟನ್ನೂ ವಾಟ್ಸ್ಯಾಪ್ ಮಾಡಿದ್ದಾರೆ. ಸೇರಬಹುದಾ?

ಖೂಬಾ ಪ್ಲಾಟ್
ನೀನೇ ದುಡ್ಡು ಕೊಟ್ಟು ನೀನೇ ದುಡಿಯುವುದಾ ತಮ್ಮಾ? ಆ ನಂಬರನ್ನು ಮೊದಲು ಬ್ಲಾಕ್ ಮಾಡು.

ಸುಮ್ನೆ ಓದುಗ
ಅಪ್ಪ ಹೇಳಿದ್ದು ಕೇಳು. ಪಿಡಿಒ ಆಗು. ವರದಿಗಾರರೇ ನಿನ್ನ ಹತ್ತಿರ ಬರುತ್ತಾರೆ 😀

ಸಗರನಾಡು
ಸುರಪುರ ಕಡೆ ಅರೆಕಾಲಿಕ ವರದಿಗಾರ ನಾನು. ನನಗೊಂದು ಝೆರಾಕ್ಸ್ ಅಂಗಡಿ ಇದೆ, ಮನೆ ನಡೆಯುವುದು ಅದರಿಂದ. ಪತ್ರಿಕೆ ಕೊಡುವ ಗೌರವಧನ ಪೆಟ್ರೋಲಿಗೂ ಸಾಲುವುದಿಲ್ಲ. ಇದನ್ನು ಅಳುತ್ತಾ ಹೇಳುತ್ತಿಲ್ಲ, ಇರುವುದು ಹೀಗೆ ಅಂತ ಹೇಳುತ್ತಿದ್ದೇನೆ. ಯಾಕಂದ್ರೆ ಹೊಸ ಹುಡುಗರಿಗೆ ತಾಲೂಕು ವರದಿಗಾರ ಅಂದರೆ ಸಂಬಳದ ನೌಕರ ಅಂತ ಭ್ರಮೆ ಇರುತ್ತದೆ. ಬಹಳ ಕಡೆ ಅಲ್ಲ. ನನ್ನ ಜೊತೆಯವರಲ್ಲಿ ಒಬ್ಬರು ಎಲ್‌ಐಸಿ ಏಜೆಂಟ್, ಒಬ್ಬರು ಫೋಟೊ ಸ್ಟುಡಿಯೊ ಇಟ್ಟಿದ್ದಾರೆ, ಒಬ್ಬರು ಒಕ್ಕಲುತನ ಮಾಡುತ್ತಾರೆ.

ನಿಜವಾದ ತಲೆನೋವು ಗೌರವಧನ ಅಲ್ಲ, ಜಾಹೀರಾತು. ಜನವರಿ 26, ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ನವೆಂಬರ್ 1, ದಸರಾ, ದೀಪಾವಳಿ. ನಡುವೆ ನಾಯಕರ ಹುಟ್ಟುಹಬ್ಬ. ಪ್ರತಿ ಸಲ ಇಷ್ಟು ತರಬೇಕು ಅಂತ ಮೇಲಿನಿಂದ ಫೋನ್. ಯಾರ ಹತ್ತಿರ ಕೇಳುತ್ತೀ? ಗುತ್ತಿಗೆದಾರನ ಹತ್ತಿರ, ಪಂಚಾಯಿತಿ ಅಧ್ಯಕ್ಷನ ಹತ್ತಿರ. ಅದೇ ಗುತ್ತಿಗೆದಾರ ಹಾಕಿದ ರಸ್ತೆ ಮುಂದಿನ ಮಳೆಗೆ ಕಿತ್ತುಹೋಗುತ್ತದೆ. ಆಗ ಏನು ಬರೆಯುತ್ತೀ? ಬರೆದರೆ ದೀಪಾವಳಿಗೆ ಅವನ ಜಾಹೀರಾತು ಇಲ್ಲ. ಬರೆಯದಿದ್ದರೆ ಊರಿನವರು ‘ಎಷ್ಟು ತಗೊಂಡಿರಿ ಸಾಹೇಬರೇ’ ಅಂತ ಅಂಗಡಿಗೇ ಬಂದು ಕೇಳುತ್ತಾರೆ.

ಆದರೂ ಬಿಟ್ಟಿಲ್ಲ. ಹುಣಸಗಿ ಕಡೆ ಕಾಲುವೆ ಕೊನೆಯ ಹೊಲಗಳಿಗೆ ನೀರು ಬರುತ್ತಿರಲಿಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎಳೆಯುತ್ತಿದ್ದರು. ಹೋಗಿ ಫೋಟೊ ತೆಗೆದೆ, ಎಂಜಿನಿಯರ್ ಹೇಳಿದ್ದನ್ನೂ ಹಾಕಿದೆ, ಬರೆದೆ. ವಾರದೊಳಗೆ ನೀರು ಬಂತು. ಆ ಖುಷಿ ಝೆರಾಕ್ಸ್ ಮಷೀನಿನಿಂದ ಬರುವುದಿಲ್ಲ ಮಾರಾಯ.

ಚಾನೆಲ್ ನಂದೇ
ಯೂಟ್ಯೂಬ್ ಅಂದ ಕೂಡಲೇ ಎಲ್ಲರೂ ಮುಗಿಬೀಳಬೇಡಿ. ನಾನೂ ಚಾನೆಲ್ ನಡೆಸುತ್ತೇನೆ, ಯಾರ ಹತ್ತಿರವೂ ಡೆಪಾಸಿಟ್ ಇಸಿದುಕೊಂಡಿಲ್ಲ. ನಮ್ಮ ತಾಂಡಾದಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಮೈಲಿಗಟ್ಟಲೆ ನಡೆಯುತ್ತಿದ್ದರು. ಪೇಪರಿನಲ್ಲಿ ಬಂದದ್ದು ಎರಡು ಸಾಲು, ಅದೂ ‘ಸಂಕ್ಷಿಪ್ತ ಸುದ್ದಿ’ಯಲ್ಲಿ. ನಾನು ಲಂಬಾಣಿಯಲ್ಲೇ ಮಾತಾಡಿಸಿ ವಿಡಿಯೊ ಹಾಕಿದೆ. ಮರುದಿನ ಟ್ಯಾಂಕರ್ ಬಂತು. ಹೇಳಿ ಈಗ, ಯಾರು ಪತ್ರಕರ್ತ?

ಖೂಬಾ ಪ್ಲಾಟ್
ನಿಮ್ಮಂಥವರು ಎಷ್ಟು ಜನ ಇದ್ದಾರೆ? ನಮ್ಮ ಏರಿಯಾದಲ್ಲಿ ಪ್ರೆಸ್ ಅಂತ ಬರೆಸಿದ ಗಾಡಿಗಳನ್ನು ಎಣಿಸಿದರೆ ಕಲಬುರಗಿಯಲ್ಲಿ ಓದುಗರಿಗಿಂತ ಪತ್ರಕರ್ತರೇ ಜಾಸ್ತಿ.

ಚಾನೆಲ್ ನಂದೇ
ಸ್ಟಿಕ್ಕರ್ ಹಾಕಿಕೊಂಡು ವಸೂಲಿ ಮಾಡುವವರು ಪ್ರಿಂಟ್‌ನಲ್ಲೂ ಇದ್ದಾರೆ. ವರ್ಷಕ್ಕೆ ನಾಲ್ಕು ಸಂಚಿಕೆ ತರುವ ‘ವಾರಪತ್ರಿಕೆ’ ನೋಡಿಲ್ಲವಾ?

ಕೋರ್ಟ್ ರೋಡ್
ವಕೀಲ ನಾನು. ಹುಡುಗ ಹೇಳಿದ ಆ ‘ಮಾನ್ಯತೆ’ ಸರ್ಟಿಫಿಕೇಟ್ ಮೇಲೆ ಉದ್ಯಮ್ ಅಂತ ಬರೆದಿದೆಯಾ ನೋಡಿ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಅದೇ. ಅದು ಸಣ್ಣ ಕೈಗಾರಿಕೆ, ಸಣ್ಣ ವ್ಯಾಪಾರದವರು ಆನ್‌ಲೈನಿನಲ್ಲಿ ಪುಕ್ಕಟೆ ಮಾಡಿಸಿಕೊಳ್ಳುವ ನೋಂದಣಿ. ಹಿಟ್ಟಿನ ಗಿರಣಿಗೂ ಸಿಗುತ್ತದೆ. ಅದಕ್ಕೂ ಪತ್ರಿಕೋದ್ಯಮಕ್ಕೂ ಸಂಬಂಧ ಇಲ್ಲ.

ಪತ್ರಿಕೆ ತರಬೇಕು ಅಂದರೆ 1867ರ ಹಳೆಯ ಕಾಯ್ದೆ ಹೋಗಿ 2023ರ ಕಾಯ್ದೆ ಬಂದಿದೆ, 2024ರ ಮಾರ್ಚ್‌ನಿಂದ ಜಾರಿ. ಶೀರ್ಷಿಕೆಯನ್ನೂ ನೋಂದಣಿಯನ್ನೂ ಆನ್‌ಲೈನಿನಲ್ಲೇ ಮಾಡಿಸಬೇಕು. ಯೂಟ್ಯೂಬ್ ಚಾನೆಲ್ ಅದರಲ್ಲಿ ಬರುವುದಿಲ್ಲ. ಡಿಜಿಟಲ್ ಸುದ್ದಿಯವರು 2021ರ ಐಟಿ ನಿಯಮದ ಪ್ರಕಾರ ಕೇಂದ್ರ ವಾರ್ತಾ ಸಚಿವಾಲಯಕ್ಕೆ ತಮ್ಮ ಮಾಹಿತಿ ಕೊಡಬೇಕು, ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಮಾಹಿತಿ ಕೊಟ್ಟ ಮಾತ್ರಕ್ಕೆ ಸರ್ಕಾರ ಮಾನ್ಯತೆ ಕೊಟ್ಟಂತೆ ಅಲ್ಲ.

ಜೇವರ್ಗಿ ಹುಡುಗ
ಸರ್, ಈಗ ತೆಗೆದು ನೋಡಿದೆ. ಹೌದು, ಉದ್ಯಮ್ ಅಂತಲೇ ಇದೆ.

ಖೂಬಾ ಪ್ಲಾಟ್
ಹಿಟ್ಟಿನ ಗಿರಣಿ 🤣🤣

ಡೆಸ್ಕ್ ರಾತ್ರಿಪಾಳಿ
ಚಿಂಚೋಳಿಯವನು, ಈಗ ಹುಬ್ಬಳ್ಳಿಯಲ್ಲಿ ಉಪಸಂಪಾದಕ. ಜಿಲ್ಲೆಗಳಿಂದ ಬರುವ ಸುದ್ದಿ ತಿದ್ದುವುದೇ ಕೆಲಸ. ತಮ್ಮಾ, ಎಂ.ಎ.ನಾ ಫೀಲ್ಡಾ ಅಂತ ಕೇಳುವ ಮೊದಲು ಒಂದು ವಿಷಯ ಕೇಳು.

ಮೊನ್ನೆ ಒಂದು ಸುದ್ದಿ ಬಂತು. ಮೊದಲ ಸಾಲು: ‘ಸಮಾಜದ ಸರ್ವಾಂಗೀಣ ಅಭಿವೃದ್ಧಿಗೆ ಶಿಕ್ಷಣ ಅತ್ಯವಶ್ಯಕ ಎಂದು ಶಾಸಕರು ಅಭಿಪ್ರಾಯಪಟ್ಟರು.’ ಆಮೇಲೆ ಎರಡು ಪ್ಯಾರಾ ಭಾಷಣ. ಆಮೇಲೆ ವೇದಿಕೆ ಮೇಲೆ ಕೂತವರ ಪಟ್ಟಿ, ಸ್ವಾಗತಿಸಿದರು, ನಿರೂಪಿಸಿದರು, ವಂದಿಸಿದರು. ಇದರ ನಡುವೆ, ಏಳನೇ ಪ್ಯಾರಾದಲ್ಲಿ, ಮುಖ್ಯ ಶಿಕ್ಷಕರ ಒಂದು ಮಾತು: ‘ಎರಡು ವರ್ಷದಿಂದ ಗಣಿತ ಶಿಕ್ಷಕರಿಲ್ಲ, ವಿಜ್ಞಾನದ ಮೇಡಂ ಅವರೇ ಪಾಠ ಮಾಡುತ್ತಿದ್ದಾರೆ, ದಯವಿಟ್ಟು ಗಮನ ಹರಿಸಬೇಕು.’

ಸುದ್ದಿ ಯಾವುದು? ಅದೇ ಅಲ್ವಾ? ಹತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಹೋದ ವರ್ಷ ಗಣಿತದಲ್ಲಿ ಎಷ್ಟು ಜನ ಫೇಲಾದರು, ಅತಿಥಿ ಶಿಕ್ಷಕರನ್ನು ಯಾಕೆ ತೆಗೆದುಕೊಂಡಿಲ್ಲ, ಶಾಸಕರು ಆ ಮಾತಿಗೆ ಏನು ಉತ್ತರ ಕೊಟ್ಟರು. ವರದಿಗಾರ ಅಲ್ಲೇ ಕೂತಿದ್ದ. ಒಂದನ್ನೂ ಕೇಳಿಲ್ಲ. ನಾನು ರಾತ್ರಿ ಫೋನ್ ಮಾಡಿದರೆ ‘ಊಟ ಮಾಡಿ ಬಂದೆ ಸರ್, ಪ್ರೆಸ್ ನೋಟ್ ಕೊಟ್ಟಿದ್ದರು’ ಅಂದ.

ಇದು ಎಂ.ಎ.ಯಲ್ಲೂ ಕಲಿಸುತ್ತಾರೆ, ಫೀಲ್ಡಿನಲ್ಲೂ ಕಲಿಯಬಹುದು. ಎರಡೂ ಕಡೆ ಕಲಿಯದೇ ಇರಲೂ ಬಹುದು. ಈಗಂತೂ ಪ್ರೆಸ್ ನೋಟನ್ನು ಎಐ ಬರೆದು ಕೊಡುತ್ತದೆ. ಭಾಷಣ ಬರೆಯುವುದಷ್ಟೇ ಬರುತ್ತದೆ ಅಂದರೆ ನಿನ್ನ ಅಗತ್ಯ ಯಾರಿಗೂ ಇಲ್ಲ.

ಸಂಬಳದ ಮಾತು: ಪತ್ರಿಕಾ ನೌಕರರಿಗೆ ಇಷ್ಟು ಸಂಬಳ ಕೊಡಬೇಕು ಅನ್ನುವ ಮಜೀಥಿಯಾ ವೇತನ ಮಂಡಳಿ ಶಿಫಾರಸು 2011ರಲ್ಲೇ ಅಧಿಸೂಚನೆ ಆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಗುತ್ತಿಗೆ ಮೇಲೆ ತೆಗೆದುಕೊಂಡವರಿಗೆ ಅದು ಅನ್ವಯಿಸುವುದಿಲ್ಲ, ಹೊಸಬರೆಲ್ಲ ಗುತ್ತಿಗೆಯೇ.

ಕೋರ್ಟ್ ರೋಡ್
ಕೊನೆಯ ಸಾಲು ತಪ್ಪು. ಗುತ್ತಿಗೆಯವರಿಗೂ ಅನ್ವಯಿಸುತ್ತದೆ ಅಂತ 2017ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅನ್ವಯಿಸುವುದಿಲ್ಲ ಅನ್ನುವುದು ಮಾಲೀಕರು ಹೇಳುವ ಮಾತು.

ಡೆಸ್ಕ್ ರಾತ್ರಿಪಾಳಿ
ಸರಿ ಸರ್. ತೀರ್ಪು ನಮ್ಮ ಕಡೆ, ಪೇ ಸ್ಲಿಪ್ ಅವರ ಕಡೆ.

ಸಗರನಾಡು
ಡೆಸ್ಕಿನವರಿಗೆ ಒಂದು ಮಾತು. ಏಳನೇ ಪ್ಯಾರಾ ಮೇಲಕ್ಕೆ ತಂದು ಕಳಿಸಿದರೆ ‘ಶಾಸಕರ ಫೋಟೊ ಎಲ್ಲಿ’ ಅಂತ ಕೇಳುವವರೂ ನಿಮ್ಮಲ್ಲೇ ಇದ್ದಾರೆ. ಅದನ್ನೂ ಬರೆಯಿರಿ.

ಡೆಸ್ಕ್ ರಾತ್ರಿಪಾಳಿ
ಇದ್ದಾರೆ. ಸುಳ್ಳು ಹೇಳಲ್ಲ.

ತೊಗರಿ ಕಣಜ
ನಾನು ಪತ್ರಕರ್ತ ಅಲ್ಲ, ರೈತ. ಓದುಗನಾಗಿ ಒಂದು ಬೈಗುಳ ಕೊಟ್ಟು ಹೋಗುತ್ತೇನೆ.

ಎಪಿಎಂಸಿ ದರ ಹಾಕುವಾಗ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಗರಿಷ್ಠ ಅಂದರೆ ಆ ದಿನ ಯಾರದೋ ಒಂದು ಒಳ್ಳೆಯ ಲಾಟಿಗೆ ಬಿದ್ದ ರೇಟು. ಬಹುಪಾಲು ಮಾಲು ಮಾರಾಟವಾದದ್ದು ಮಾದರಿ ದರಕ್ಕೆ. ಪೇಪರಿನವರು, ಚಾನೆಲ್‌ನವರು ಹೆಡ್ಡಿಂಗ್ ಹಾಕುವುದು ಗರಿಷ್ಠದ್ದು. ‘ತೊಗರಿಗೆ ಬಂಪರ್ ಬೆಲೆ’! ನಮ್ಮೂರಿನವರು ಅದನ್ನು ನೋಡಿ ಟೆಂಪೊ ಮಾಡಿಕೊಂಡು ಗಂಜ್ ಮಾರುಕಟ್ಟೆಗೆ ಒಯ್ದರು. ಚೀಲ ಬಿಚ್ಚಿದ ಮೇಲೆ ತೇವ ಜಾಸ್ತಿ, ಕಾಳು ಸಣ್ಣ ಅಂತ ಖರೀದಿದಾರ ಬಹಳ ಇಳಿಸಿದ. ವಾಪಸ್ ತರಲು ಮತ್ತೆ ಬಾಡಿಗೆ. ಕೊಟ್ಟು ಬಂದರು. ಅವರು ಬೈದದ್ದು ಖರೀದಿದಾರನನ್ನಲ್ಲ, ಪೇಪರನ್ನು.

2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಮಾದರಿ ದರ ಅದಕ್ಕಿಂತ ಕೆಳಗಿದೆಯಾ ಮೇಲಿದೆಯಾ, ಖರೀದಿ ಕೇಂದ್ರ ತೆರೆದಿದೆಯಾ, ನೋಂದಣಿಗೆ ಎಷ್ಟು ದಿನ ಉಳಿದಿದೆ. ನಮಗೆ ಬೇಕಾದದ್ದು ಇಷ್ಟೇ. ಇದನ್ನು ಸರಿಯಾಗಿ ಬರೆಯುವ ಒಬ್ಬ ಹುಡುಗ ಈ ಜಿಲ್ಲೆಯಲ್ಲಿ ಇದ್ದರೆ ಅವನ ಪೇಪರಿಗೆ ನಾನು ವರ್ಷದ ಚಂದಾ ಕಟ್ಟುತ್ತೇನೆ.

ಜೇವರ್ಗಿ ಹುಡುಗ
ಕಾಕಾ, ನಾನೂ ತೊಗರಿ ಮನೆಯವನೇ. ಆದರೆ ಈ ಮಾದರಿ ದರದ ವಿಷಯ ಬಿ.ಎ.ಯಲ್ಲಿ ಯಾರೂ ಹೇಳಿರಲಿಲ್ಲ. ಸಂವಹನದ ಮಾದರಿಗಳು ಅಂತ ಬಾಣದ ಗುರುತು ಹಾಕಿ ಚಿತ್ರ ಬರೆಸುತ್ತಿದ್ದರು ಅಷ್ಟೇ.

ಭಾಲ್ಕಿ ಅಕ್ಕ
ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ. ನಾನು ಬೀದರ್‌ನಲ್ಲಿ ಕೆಲ ವರ್ಷ ವರದಿಗಾರ್ತಿಯಾಗಿದ್ದೆ. ಪತ್ರಿಕಾಗೋಷ್ಠಿಗಳಲ್ಲಿ ಹೆಚ್ಚಿನ ಸಲ ನಾನೊಬ್ಬಳೇ ಹೆಂಗಸು. ‘ಮೇಡಂ ನೀವು ಫಲಪುಷ್ಪ ಪ್ರದರ್ಶನ ಮಾಡಿ, ಕ್ರೈಂ ನಾವು ನೋಡಿಕೊಳ್ಳುತ್ತೇವೆ’ ಅನ್ನುವವರೇ ಎಲ್ಲ. ಕ್ರೈಂ ಕೊಡಿ ಅಂತ ಹಠ ಹಿಡಿದು ತೆಗೆದುಕೊಂಡೆ. ಠಾಣೆಯಲ್ಲಿ ಹೊರಗೆ ಬೆಂಚಿನ ಮೇಲೆ ಕಾಯಿಸುತ್ತಿದ್ದರು. ಅದರಿಂದ ಒಂದು ಲಾಭ ಆಯಿತು ನೋಡಿ: ದೂರು ಕೊಡಲು ಬಂದ ಹೆಣ್ಣುಮಕ್ಕಳೂ ಅದೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಳಗೆ ಸಾಹೇಬರ ಜೊತೆ ಚಹಾ ಕುಡಿಯುತ್ತಿದ್ದ ವರದಿಗಾರರಿಗೆ ಸಿಗದ ಸುದ್ದಿ ನನಗೆ ಸಿಗುತ್ತಿತ್ತು.

ಹುಡುಗನಿಗೆ ಒಂದು ಸಲಹೆ: ಭಾಷೆ. ಬೀದರ್‌ನಲ್ಲಿ ಬರೀ ಕನ್ನಡದಿಂದ ವರದಿ ಆಗುವುದಿಲ್ಲ. ಔರಾದ್, ಭಾಲ್ಕಿ ಹಳ್ಳಿಗಳಲ್ಲಿ ಮರಾಠಿ, ಓಲ್ಡ್ ಸಿಟಿಯಲ್ಲಿ ದಖನಿ ಉರ್ದು. ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು. ಬರೆಯಲು ಬಾರದಿದ್ದರೂ ಅವರ ಮಾತು ಕಿವಿಗೆ ಹತ್ತಬೇಕು. ಬೆಂಗಳೂರಿನಿಂದ ಬಂದವರು ದುಭಾಷಿ ಇಟ್ಟುಕೊಂಡು ತಿರುಗುತ್ತಾರೆ, ನಮ್ಮ ಕಡೆಯ ಮಕ್ಕಳಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ. ಆದರೆ ಬಯೊಡೇಟಾದಲ್ಲಿ ಬರೆಯುವುದೇ ಇಲ್ಲ! ಯಾಕೋ ನಾಚಿಕೆ.

ಯಾಕೆ ಬಿಟ್ಟೆ ಅಂತ ಕೇಳುವ ಮೊದಲೇ ಹೇಳುತ್ತೇನೆ. ಹೆರಿಗೆ ರಜೆ ಕೇಳಿದಾಗ ‘ಮುಗಿಸಿಕೊಂಡು ಬನ್ನಿ, ಜಾಗ ಇದ್ದರೆ ನೋಡೋಣ’ ಅಂದರು. ಜಾಗ ಇರಲಿಲ್ಲ.

ಕೋರ್ಟ್ ರೋಡ್
ಕ್ರೈಂ ವರದಿ ಅಂದಿದ್ದಕ್ಕೆ ಹೇಳುತ್ತೇನೆ, ಇದನ್ನು ಹೊಸಬರು ಗೋಡೆಗೆ ಅಂಟಿಸಿಕೊಳ್ಳಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ, ಅಂದರೆ ಪೋಕ್ಸೊ ಪ್ರಕರಣ ಬರೆಯುವಾಗ ‘ಹೆಸರು ಹಾಕಿಲ್ಲವಲ್ಲ’ ಅಂತ ನೆಮ್ಮದಿಯಾಗಿ ಇರುತ್ತಾರೆ. ಆದರೆ ಊರ ಹೆಸರು, ತಂದೆಯ ಅಂಗಡಿ, ಓದುವ ಶಾಲೆ, ಎಲ್ಲ ಹಾಕಿರುತ್ತಾರೆ. ಮುನ್ನೂರು ಮನೆಯ ಊರಿನಲ್ಲಿ ಇನ್ನೇನು ಉಳಿಯಿತು? ಕಾಯ್ದೆಯ 23ನೇ ಕಲಂ ಪ್ರಕಾರ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದೂ ಬರುವಂತಿಲ್ಲ. ಬಂದರೆ ಕನಿಷ್ಠ ಆರು ತಿಂಗಳ ಜೈಲಿನವರೆಗೆ ಹೋಗುವ ವಿಷಯ ಅದು. ವರದಿಗಾರ ಮಾತ್ರ ಅಲ್ಲ, ಮಾಲೀಕರೂ ಹೊಣೆ.

ಯೂಟ್ಯೂಬ್‌ನವರು ಮುಖಕ್ಕೆ ಮಬ್ಬು ಹಾಕಿ ತಾಯಿಯನ್ನು ಮಾತಾಡಿಸುತ್ತಾರೆ. ಹಿಂದೆ ಮನೆ ಬಾಗಿಲು, ಓಣಿ ಎಲ್ಲ ಕಾಣುತ್ತಿರುತ್ತದೆ.

ಚಾನೆಲ್ ನಂದೇ
ಮತ್ತೆ ಯೂಟ್ಯೂಬ್‌ನವರು. ಟಿವಿಯವರು ಮಾಡುವುದಿಲ್ಲವಾ?

ಕೋರ್ಟ್ ರೋಡ್
ಮಾಡುತ್ತಾರೆ. ಅವರಿಗೂ ಇದೇ ಕಲಂ.

ನಿವೃತ್ತ ಮೇಷ್ಟ್ರು
ಟಿವಿ ಅಂದಿರಿ, ನೆನಪಾಯಿತು. ಬೆಂಗಳೂರಿನವರಿಗಿಂತ ಮೊದಲು ಟಿವಿ ನೋಡಿದವರು ನಾವು, ಗೊತ್ತಾ? 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಬರುತ್ತಿತ್ತು. ಶಾಲೆ ಮುಂದೆ ಇಡೀ ಊರು ಸೇರುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಸುಮ್ನೆ ಓದುಗ
ಮೇಷ್ಟ್ರೇ, ಯಾದಗಿರಿಗೂ ಬಂದಿತ್ತಾ?

ನಿವೃತ್ತ ಮೇಷ್ಟ್ರು
ಯಾದಗಿರಿ ಆಗ ಬೇರೆ ಜಿಲ್ಲೆ ಎಲ್ಲಿತ್ತಪ್ಪ? ಬೇರೆ ಆದದ್ದು 2009ರ ಕೊನೆಯಲ್ಲಿ. ಎಲ್ಲ ಗುಲ್ಬರ್ಗಾವೇ.

ಇನ್ನೊಂದು ಹೇಳುತ್ತೇನೆ. ಹುಡುಗನ ಅಪ್ಪ ‘ಪೇಪರಿನವನಿಗೆ ಹೆಣ್ಣು ಯಾರು ಕೊಡುತ್ತಾರೆ’ ಅಂದರಂತೆ. ನಮ್ಮ ಈ ಕಲಬುರಗಿ, ಬೀದರ್, ಯಾದಗಿರಿ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಹೈದರಾಬಾದಿನಲ್ಲಿ ಶೋಯೆಬುಲ್ಲಾ ಖಾನ್ ಅಂತ ಉರ್ದು ಪತ್ರಕರ್ತ. ಭಾರತದ ಜೊತೆ ಸೇರಬೇಕು, ನಿಜಾಮರ ಪರ ಇದ್ದ ರಜಾಕಾರರ ಪಡೆಯ ದೌರ್ಜನ್ಯ ನಿಲ್ಲಬೇಕು ಅಂತ ಬರೆದ. 1948ರ ಆಗಸ್ಟ್‌ನಲ್ಲಿ ಅವನನ್ನು ನಡುರಸ್ತೆಯಲ್ಲಿ ಕೊಂದರು. ಮುಂದಿನ ತಿಂಗಳೇ ಹೈದರಾಬಾದ್ ಭಾರತಕ್ಕೆ ಸೇರಿತು. ಪ್ರತಿ ಸೆಪ್ಟೆಂಬರ್ 17ಕ್ಕೆ ನಾವು ಬಾವುಟ ಹಾರಿಸುತ್ತೇವೆ, ಪೂರ್ತಿ ಪುಟದ ಜಾಹೀರಾತು ಹಾಕುತ್ತೀರಿ. ಅವನ ಹೆಸರು ಒಂದು ಸಾಲಿನಲ್ಲಾದರೂ ಬರುತ್ತದಾ?

ಸಗರನಾಡು
ಈ ಸಲ ನಾನು ಬರೆಯುತ್ತೇನೆ ಮೇಷ್ಟ್ರೇ. ಜಾಹೀರಾತಿನ ನಡುವೆ ಜಾಗ ಉಳಿದರೆ.

ಕಡಗಂಚಿ ಬ್ಯಾಚ್
ಮೂಲ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತೀರಾ, ಪಾಪ ಹುಡುಗ ಕಾಯುತ್ತಿದ್ದಾನೆ.

ನಾನು ಕಡಗಂಚಿಯಲ್ಲಿ ಓದಿದವಳು. ಅಲ್ಲಿಗೆ ಸಿಯುಇಟಿ ಪಿಜಿ ಅಂತ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿ ಚಳಿಗಾಲದಲ್ಲೇ ಕರೆಯುತ್ತಾರೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ಪಾಠ ಇಂಗ್ಲಿಷಿನಲ್ಲಿ. ಕ್ಲಾಸಿನಲ್ಲಿ ಕೇರಳ, ಬಿಹಾರ, ಆಂಧ್ರದವರೂ ಇದ್ದರು. ಕನ್ನಡ ಮೀಡಿಯಂನವಳಿಗೆ ಮೊದಲ ಸೆಮಿಸ್ಟರ್ ನರಕ. ಆದರೆ ಆ ಇಂಗ್ಲಿಷೇ ಆಮೇಲೆ ಕೈ ಹಿಡಿಯಿತು. ಸರ್ಕಾರದ ಖರ್ಚಿನ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ, ಕೋರ್ಟ್ ತೀರ್ಪು, ಟೆಂಡರ್ ದಾಖಲೆಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲೇ ಇರುತ್ತವೆ. ಓದಲು ಬಾರದಿದ್ದರೆ ಅಧಿಕಾರಿ ಹೇಳಿದ್ದೇ ಸುದ್ದಿ.

ಕ್ಯಾಂಪಸ್ ಆಳಂದ ರಸ್ತೆಯಲ್ಲಿ, ಊರಿನಿಂದ ದೂರ. ಹಾಸ್ಟೆಲ್ ಇದೆ. ಅಲ್ಲೇ ಕೂತು ಥಿಯರಿ ಓದಿಕೊಂಡು ಇದ್ದುಬಿಟ್ಟರೆ ಪತ್ರಕರ್ತ ಆಗುವುದಿಲ್ಲ, ನೆಟ್ ಪಾಸಾಗಿ ಮೇಷ್ಟ್ರು ಆಗಬಹುದು. ಅದೂ ಒಂದು ದಾರಿಯೇ, ನನ್ನ ಗೆಳತಿಯರು ಕೆಲವರು ಹಾಗೆ ಹೋದರು.

ಖೂಬಾ ಪ್ಲಾಟ್
ಬಿ.ಎ. ಈಗ ಮುಗಿದಿದೆ ಅಂದರೆ ಈ ವರ್ಷದ ಸಿಯುಇಟಿ ಹೋಯಿತಲ್ವಾ?

ಕಡಗಂಚಿ ಬ್ಯಾಚ್
ಹೋಯಿತು. ಸೀಟು ಉಳಿದರೆ ಕೆಲವೊಮ್ಮೆ ಬೇರೆ ಸೂಚನೆ ಹೊರಡಿಸುತ್ತಾರೆ, ವೆಬ್‌ಸೈಟ್ ನೋಡುತ್ತಿರಲಿ.

ಬೀದರ್ ಬಿಸಿಲು
ಗುಲ್ಬರ್ಗಾ ವಿವಿಯವನು ನಾನು, ಜ್ಞಾನಗಂಗಾ ಕ್ಯಾಂಪಸ್. ಕನ್ನಡದಲ್ಲೇ ಪರೀಕ್ಷೆ ಬರೆದೆ. ದೊಡ್ಡ ಅನುಕೂಲ ಏನಂದ್ರೆ ಊರು ಹತ್ತಿರ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಯಾವುದಾದರೂ ಪತ್ರಿಕೆಯ ಕಚೇರಿಯಲ್ಲಿ ಕೂತು ಪ್ರೂಫ್ ನೋಡಬಹುದು, ಪುಟ ಕಟ್ಟುವುದು ಕಲಿಯಬಹುದು. ಕಲಬುರಗಿಯಲ್ಲಿ ಕನ್ನಡ, ಉರ್ದು ಪತ್ರಿಕೆಗಳಿವೆ, 1966ರಿಂದ ಆಕಾಶವಾಣಿ ಇದೆ. ಆಕಾಶವಾಣಿಯವರು ಆಗಾಗ ನೈಮಿತ್ತಿಕ ಉದ್ಘೋಷಕರಿಗೆ ಧ್ವನಿ ಪರೀಕ್ಷೆ ಕರೆಯುತ್ತಾರೆ. ಉಚ್ಚಾರ ಚೆನ್ನಾಗಿದ್ದರೆ ಓದುತ್ತಲೇ ಕೈಖರ್ಚು ಆಗುತ್ತದೆ. ನಮ್ಮ ಕಡೆಯವರ ಉಚ್ಚಾರ ಬೇರೆ ಅಂತ ಹೆದರಬೇಡ, ತಿದ್ದಿಕೊಳ್ಳಬಹುದು.

ಪರಿಶಿಷ್ಟ ಜಾತಿ, ಪಂಗಡದವರಾದರೆ ವಾರ್ತಾ ಇಲಾಖೆಯಲ್ಲಿ ಪತ್ರಿಕೋದ್ಯಮ ಓದಿದವರಿಗೆ ಅಪ್ರೆಂಟಿಸ್ ತರಬೇತಿ ಇರುತ್ತದೆ, ಸ್ಟೈಪೆಂಡ್ ಸಿಗುತ್ತದೆ. ಜಿಲ್ಲಾ ವಾರ್ತಾ ಕಚೇರಿಯಲ್ಲಿ ವಿಚಾರಿಸಿ.

ಎಂ.ಎ. ಇಲ್ಲದೆ ದೊಡ್ಡ ಪತ್ರಿಕೆಗಳ ಟ್ರೇನಿ ಪರೀಕ್ಷೆಗೆ ಅರ್ಜಿ ಹಾಕಬಾರದು ಅಂತೇನಿಲ್ಲ. ಅಲ್ಲಿ ನೋಡುವುದು ಅನುವಾದ, ಭಾಷೆ, ಸಾಮಾನ್ಯ ಜ್ಞಾನ. ಅನುವಾದ ಮಾತ್ರ ಗಟ್ಟಿ ಇರಬೇಕು. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ಇಪ್ಪತ್ತು ನಿಮಿಷದಲ್ಲಿ ಓದುವಂಥ ಕನ್ನಡ ಮಾಡಲು ಬಂದರೆ ಯಾವ ಡೆಸ್ಕಿನಲ್ಲೂ ಜಾಗ ಇದೆ.

ಡೆಸ್ಕ್ ರಾತ್ರಿಪಾಳಿ
ಜೊತೆಗೆ ಟೈಪಿಂಗ್. ದಯವಿಟ್ಟು ಯೂನಿಕೋಡ್ ಕಲಿ. ಜಿಲ್ಲೆಗಳಿಂದ ಇನ್ನೂ ಹಳೆಯ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ಪರಿವರ್ತನೆ ಮಾಡಿದರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ರಾತ್ರಿ ಹನ್ನೊಂದಕ್ಕೆ ಅರ್ಕಾವತ್ತು ಹುಡುಕುವ ಕಷ್ಟ ಶತ್ರುವಿಗೂ ಬೇಡ.

ಸುಮ್ನೆ ಓದುಗ
ಪ್ರೆಸ್ ನೋಟ್ ಅಂದರೆ ಸನ್ನತಿಯ ಅಶೋಕನ ಶಾಸನ. ನಮ್ಮ ಜಿಲ್ಲೆಯ ಮೊದಲ ಸರ್ಕಾರಿ ಪ್ರಕಟಣೆ. ಇವತ್ತಿಗೂ ಯಾವ ಡೆಸ್ಕಿನವರೂ ಕತ್ತರಿಸಿಲ್ಲ.

ನಿವೃತ್ತ ಮೇಷ್ಟ್ರು
ಭಲೇ.

ಜೇವರ್ಗಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗುಲ್ಬರ್ಗಾ ವಿವಿ ಅರ್ಜಿ ಕರೆದಾಗ ಹಾಕುತ್ತೇನೆ. ಅಲ್ಲಿಯವರೆಗೆ ಖಾಲಿ ಕೂರುವ ಬದಲು ಊರಲ್ಲೇ ಏನಾದರೂ ಬರೆಯಬೇಕು ಅಂತಿದೆ. ನಮ್ಮ ಪಂಚಾಯಿತಿಯಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ಬಹಳ ದಿನ ಆಯಿತು. ಕೇಳಿದರೆ ರಿಪೇರಿಗೆ ಬಿಲ್ ಆಗಿದೆ ಅನ್ನುತ್ತಾರೆ. ಕಾರ್ಡು ಇಲ್ಲದೆ ಯಾವ ಹಕ್ಕಿನಿಂದ ಕೇಳಲಿ?

ಕೋರ್ಟ್ ರೋಡ್
ನಾಗರಿಕನ ಹಕ್ಕಿನಿಂದ. ಮಾಹಿತಿ ಹಕ್ಕಿನ ಅರ್ಜಿಗೆ ಪ್ರೆಸ್ ಕಾರ್ಡು ಬೇಡ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ‘ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ’ ಅಂತ ಕೇಳಬೇಡ, ತಳ್ಳಿಹಾಕುತ್ತಾರೆ. ಆ ಘಟಕದ ರಿಪೇರಿ ಬಿಲ್ಲು, ಕೆಲಸದ ಆದೇಶ, ಎಷ್ಟು ಕೆಲಸ ಆಯಿತು ಅಂತ ಬರೆದಿಡುವ ಅಳತೆ ಪುಸ್ತಕದ ಪ್ರತಿ. ಇಷ್ಟೇ ಕೇಳು. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮೇಲ್ಮನವಿ.

ಸಗರನಾಡು
ಅರ್ಜಿ ಹಾಕುವ ಮೊದಲು ಒಂದು ಸಲ ನೇರ ಹೋಗಿ ಕೇಳಿ ನೋಡು. ಎಷ್ಟೋ ಸಲ ಪಂಚಾಯಿತಿ ಕಾರ್ಯದರ್ಶಿಗೇ ಅಧ್ಯಕ್ಷನ ಮೇಲೆ ಸಿಟ್ಟಿರುತ್ತದೆ, ತಾನೇ ಫೈಲ್ ತೋರಿಸುತ್ತಾನೆ. ಮತ್ತೆ ಬೇಸಿಗೆಯಲ್ಲಿ ತಾಲೂಕು ಕಚೇರಿಗೆ ಹೋಗುವುದಿದ್ದರೆ ನೆನಪಿರಲಿ, ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಆಫೀಸು ಬೆಳಿಗ್ಗೆ 8ರಿಂದ 1.30ರವರೆಗೆ ಮಾತ್ರ. ನಮ್ಮ ಡೆಸ್ಕಿನವರು ಮೂರು ಗಂಟೆಗೆ ಫೋನ್ ಮಾಡಿ ‘ತಹಶೀಲ್ದಾರರ ಪ್ರತಿಕ್ರಿಯೆ ತಗೊಳ್ಳಿ’ ಅನ್ನುತ್ತಾರೆ. ಎಲ್ಲಿಂದ ತರಲಿ?

ಡೆಸ್ಕ್ ರಾತ್ರಿಪಾಳಿ
ಫೋನ್ ನಂಬರ್ ಇಟ್ಟುಕೊಂಡಿರಬೇಕು ಮಹಾರಾಯ.

ಸಗರನಾಡು
ಎತ್ತಿದರೆ ತಾನೇ.

ಚಾನೆಲ್ ನಂದೇ
ತಮ್ಮಾ, ನೀರಿನ ಘಟಕದ ವಿಡಿಯೊ ತೆಗೆದು ಕಳಿಸು, ನಾಳೆಯೇ ಹಾಕುತ್ತೇನೆ. 30 ದಿನ ಯಾಕೆ ಕಾಯಬೇಕು?

ಭಾಲ್ಕಿ ಅಕ್ಕ
ಬೇಡ. ಬಿಲ್ ಕೈಗೆ ಬರುವ ಮೊದಲು ವಿಡಿಯೊ ಹಾಕಿದರೆ ರಾತ್ರೋರಾತ್ರಿ ಒಂದು ಫಿಲ್ಟರ್ ತಂದು ಕೂರಿಸಿ ‘ರಿಪೇರಿ ಆಗಿದೆಯಲ್ಲ’ ಅನ್ನುತ್ತಾರೆ. ದುಡ್ಡು ಹೋದ ಸುದ್ದಿ ಅಲ್ಲಿಗೆ ಸತ್ತಿತು.

ಚಾನೆಲ್ ನಂದೇ
ನೀರು ಬಂದರೆ ಸಾಕಲ್ವಾ ಅಕ್ಕಾ? ಊರಿನವರಿಗೆ ಬೇಕಾದದ್ದು ನೀರು.

ಭಾಲ್ಕಿ ಅಕ್ಕ
ಮುಂದಿನ ವರ್ಷ ಮತ್ತೆ ಕೆಡುತ್ತದೆ, ಮತ್ತೆ ಬಿಲ್ ಆಗುತ್ತದೆ. ಆಗ ಮತ್ತೊಂದು ವಿಡಿಯೊ?

ತೊಗರಿ ಕಣಜ
ಇಬ್ಬರೂ ಹೇಳುವುದು ಸರಿ ಇದೆ. ಮೊದಲು ನೀರು ಬರಲಿ ಅನ್ನುವ ಕಡೆ ನಾನು. ಬಾಯಾರಿದವನಿಗೆ ಅಳತೆ ಪುಸ್ತಕ ಬೇಡ.

ಡೆಸ್ಕ್ ರಾತ್ರಿಪಾಳಿ
ಹುಡುಗಾ, ಈ ಜಗಳ ಮುಗಿಯುವುದಿಲ್ಲ, ನಮ್ಮ ಆಫೀಸಿನಲ್ಲೂ ದಿನಾ ಇದೇ. ನೀನು ಘಟಕದ ಫೋಟೊವನ್ನು ಇವತ್ತೇ ದಿನಾಂಕ ಬರುವ ಹಾಗೆ ತೆಗೆದಿಟ್ಟುಕೋ. ಬಾಗಿಲಿಗೆ ಬೀಗ ಇದ್ದರೆ ಅದನ್ನೂ ತೆಗೆ. ಎಂದಿನಿಂದ ಕೆಟ್ಟಿದೆ ಅಂತ ಇಬ್ಬರು ಮೂವರನ್ನು ಕೇಳಿ ಹೆಸರು ಬರೆದುಕೋ. ಬಿಲ್ ಸಿಕ್ಕ ದಿನ ನನಗೆ 200 ಪದ ಬರೆದು ಕಳಿಸು, ಮೆಸೇಜಿನಲ್ಲಿ ಮೇಲ್ ವಿಳಾಸ ಕೊಡುತ್ತೇನೆ. ಯಾರೂ ಅದರಲ್ಲಿ ಅಭಿಪ್ರಾಯಪಡಬಾರದು ಮತ್ತೆ.

ಜೇವರ್ಗಿ ಹುಡುಗ
ಸರಿ ಸರ್. ಅಧ್ಯಕ್ಷರು ನಮಗೆ ಸಂಬಂಧಿಕರು ಬೇರೆ. ಅದನ್ನು ಮೊದಲೇ ಹೇಳಬೇಕಾ?

ಭಾಲ್ಕಿ ಅಕ್ಕ
ಹೇಳಲೇಬೇಕು. ಡೆಸ್ಕಿಗೂ ಹೇಳು, ಸುದ್ದಿಯಲ್ಲಿ ಅವರ ಮಾತೂ ಪೂರ್ತಿ ಹಾಕು.

ಸುಮ್ನೆ ಓದುಗ
ಹೆಣ್ಣು ಸಿಗೋದು ಇನ್ನೂ ಕಷ್ಟ ಆಯಿತಲ್ಲೋ 😂